ಗ್ಯಾರೇಜಿನಲ್ಲಿ ಕಟ್ಟುವ ಕಾರು: ಹಗುರ ಗಾಡಿಯೊಂದು ಕರ್ನಾಟಕಕ್ಕೆ ಬಂದ ಬಗೆ

ಬಿಡಿಭಾಗಗಳನ್ನು ಕೊಂಡು ತಂದು, ಮನೆಯ ಗ್ಯಾರೇಜಿನಲ್ಲೇ ಜೋಡಿಸಿ ರಸ್ತೆಗಿಳಿಸುವ ಹಗುರ ಸ್ಪೋರ್ಟ್ಸ್ ಕಾರನ್ನು ಕಿಟ್ ಕಾರ್ ಎನ್ನುತ್ತಾರೆ. ಇದಕ್ಕೆ ಬೇಕಾದದ್ದು ಮೂರು: ಕಬ್ಬಿಣದ ಪೈಪುಗಳ ಚೌಕಟ್ಟು, ತೂಕವಿಲ್ಲದ ಬಾಡಿ, ಹಳೆಯ ಕಾರೊಂದರಿಂದ ಬಿಚ್ಚಿ ತಂದ ಎಂಜಿನ್. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಬೆಳೆದ ಈ ಪದ್ಧತಿ ಕರ್ನಾಟಕದ ಮನೆಗಳಿಗೆ ಬರಲಿಲ್ಲ. ಆದರೆ ಅದರ ವಿದ್ಯೆ ಮಾತ್ರ ಬೆಂಗಳೂರಿನ ಕಾರ್ಖಾನೆಗಳಿಗೆ ಬಂತು, ಅನಂತರ ಎಂಜಿನಿಯರಿಂಗ್ ಕಾಲೇಜುಗಳಿಗೂ ಇಳಿಯಿತು. ವಿದ್ಯೆ ಬಂದರೂ ಪದ್ಧತಿ ಏಕೆ ಬರಲಿಲ್ಲ ಎಂಬುದಕ್ಕೆ ಉತ್ತರವಿರುವುದು ಭಾರತದ ಮೋಟಾರು ಕಾನೂನಿನ ಚರಿತ್ರೆಯಲ್ಲಿ.

ಕಿಟ್ ಕಾರಿನ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಕಾಲಿನ್ ಚಾಪ್‌ಮನ್. ಲಂಡನ್ನಿನ ಈ ಯುವ ಎಂಜಿನಿಯರ್ 1948ರ ಹೊತ್ತಿಗೆ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತನ್ನದೇ ರೇಸ್ ಗಾಡಿ ಕಟ್ಟಿದ. 1952ರಲ್ಲಿ ಲೋಟಸ್ ಕಂಪನಿ ಹುಟ್ಟಿತು, 1957ರಲ್ಲಿ ಲೋಟಸ್ ಸೆವೆನ್ ಬಂತು. ಬಾಗಿಲಿಲ್ಲದ, ಎರಡೇ ಸೀಟಿನ ಈ ಕಾರಿನ ತೂಕ ಸುಮಾರು 500 ಕೆ.ಜಿ. ಆಗ ಬ್ರಿಟನ್ನಿನಲ್ಲಿ ಪೂರ್ಣಗೊಂಡ ಹೊಸ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಮೇಲೆ ಇರಲಿಲ್ಲ. ಹೀಗಾಗಿ ಭಾಗಗಳನ್ನು ಕೊಂಡು ತಾವೇ ಜೋಡಿಸಿಕೊಂಡವರಿಗೆ ದೊಡ್ಡ ಉಳಿತಾಯವಾಗುತ್ತಿತ್ತು. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಪಾಲಾಯಿತು. ಅಷ್ಟರಲ್ಲಿ ಕಾರು ಕಟ್ಟುವುದು ಹವ್ಯಾಸವಾಗಿ ಬೇರು ಬಿಟ್ಟಿತ್ತು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಿಕ್ಷಕ ಬರೆದ ಪುಸ್ತಕವು ಕೇವಲ 250 ಪೌಂಡಿನಲ್ಲಿ ಇಂಥ ಕಾರು ಕಟ್ಟುವ ದಾರಿ ತೋರಿಸಿ, ಕಿಟ್ ಸಹ ಕೊಳ್ಳಲಾಗದವರ ಕೈಗೆ ಈ ವಿದ್ಯೆಯನ್ನು ಕೊಟ್ಟಿತು.

ಆ ಬಗೆಯ ಕಾರಿನ ಚೌಕಟ್ಟಿಗೆ ಒಂದಂಗುಲದ ಚೌಕ ಪೈಪು ಸಾಕು. ಅದರ ಗೋಡೆಯ ದಪ್ಪ 16 ಗೇಜು, ಎಂದರೆ ಸುಮಾರು 1.6 ಮಿ.ಮೀ. ಸಮತಟ್ಟಾದ ದಪ್ಪ ಹಲಗೆಯ ಮೇಲೆ ನಕ್ಷೆ ಎಳೆದು, ಕತ್ತರಿಸಿದ ಪೈಪುಗಳನ್ನು ಮರದ ತುಂಡುಗಳಿಂದ ಬಿಗಿದು ನಿಲ್ಲಿಸುತ್ತಾರೆ. ಮೊದಲು ಪ್ರತಿ ಸಂದಿಗೂ ಚುಕ್ಕೆಯಷ್ಟೇ ವೆಲ್ಡಿಂಗ್ ಹಾಕಿ, ಮೂಲೆಯಿಂದ ಮೂಲೆಗೆ ಅಳೆದು, ಎರಡೂ ಕರ್ಣಗಳು ಸಮವಾದ ಮೇಲಷ್ಟೇ ಪೂರ್ತಿ ವೆಲ್ಡಿಂಗ್ ಮಾಡುತ್ತಾರೆ. ಒಂದೇ ಕಡೆ ಒಮ್ಮೆಲೇ ಬೆಸೆದರೆ ಶಾಖಕ್ಕೆ ಚೌಕಟ್ಟು ಸೊಟ್ಟಗಾಗುತ್ತದೆ. ನಾಲ್ಕು ಮೂಲೆಯ ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ಅಡ್ಡಲಾಗಿ ಒಂದು ಪೈಪು ಬೆಸೆದು ಎರಡು ತ್ರಿಕೋನ ಮಾಡಿದರೆ ಅಲುಗುವುದಿಲ್ಲ. ಇಷ್ಟು ತೆಳುವಾದ ಪೈಪು ಎಂಜಿನ್ನಿನ ಭಾರವನ್ನೂ ತಿರುವಿನ ಒತ್ತಡವನ್ನೂ ತಾಳುವುದು ಈ ತ್ರಿಕೋನಗಳ ಬಲದಿಂದಲೇ.

ಭಾರತದಲ್ಲಿ ಆಗಿನ ಗಾಳಿಯೇ ಬೇರೆಯಾಗಿತ್ತು. 1951ರ ಕೈಗಾರಿಕೆಗಳ ಕಾಯ್ದೆಯ ಪ್ರಕಾರ ಕಾರು ತಯಾರಿಸಲು ಸರ್ಕಾರದ ಲೈಸೆನ್ಸ್ ಬೇಕಿತ್ತು. ದೇಶದಲ್ಲೇ ಹಂತಹಂತವಾಗಿ ತಯಾರಿಸುವ ಯೋಜನೆ ಇಲ್ಲದೆ, ಹೊರಗಿನಿಂದ ಭಾಗಗಳನ್ನು ತರಿಸಿ ಬರೀ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ ಎಂಬ ನೀತಿ 1953ರಲ್ಲಿ ಗಟ್ಟಿಯಾಯಿತು. ಜನರಲ್ ಮೋಟರ್ಸ್ ಮತ್ತು ಫೋರ್ಡ್ ಕಂಪನಿಗಳು ದೇಶ ಬಿಟ್ಟವು. ಉಳಿದದ್ದು ಹಿಂದುಸ್ತಾನ್, ಪ್ರೀಮಿಯರ್ ಮತ್ತು ಸ್ಟ್ಯಾಂಡರ್ಡ್ ಕಾರುಗಳು. ದೊಡ್ಡ ಕಂಪನಿಯೇ ಪೆಟ್ಟಿಗೆಯಲ್ಲಿ ಕಾರು ತರಿಸಿ ಜೋಡಿಸಲಾಗದ ಕಾಲದಲ್ಲಿ ಒಬ್ಬ ಹವ್ಯಾಸಿಗೆ ಅದು ಸಾಧ್ಯವಾಗುವ ಮಾತೇ ಇರಲಿಲ್ಲ.

ಈ ಬಿಗಿಯ ನಡುವೆಯೂ ಬೆಂಗಳೂರಿನಲ್ಲಿ ಒಂದು ಸಣ್ಣ ಕಂಪನಿ ಹಗುರ ಕಾರಿಗೆ ಕೈ ಹಾಕಿತು. ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರಾದ ಅದು 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರನ್ನು ತಂದಿತು. 198 ಸಿಸಿಯ ಪುಟ್ಟ ಎಂಜಿನ್, ಫೈಬರ್‌ಗ್ಲಾಸ್ ಬಾಡಿ. ಇದಕ್ಕೂ ಮುಖ್ಯವಾದದ್ದು 1982ರ ಡಾಲ್ಫಿನ್. ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿ ಮಾಡುತ್ತಿದ್ದ ಕಿಟನ್ ಕಾರಿನ ಭಾರತೀಯ ರೂಪ ಇದು. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಕಬ್ಬಿಣದ ಚಾಸಿ, ಎರಡು ಬಾಗಿಲಿನ ಫೈಬರ್‌ಗ್ಲಾಸ್ ಬಾಡಿ. ಒಂದು ಟನ್ನಿಗೂ ಮೀರಿದ ಅಂಬಾಸಿಡರ್ ಪಕ್ಕದಲ್ಲಿ ಇದರ ತೂಕ ಅದರ ಅರ್ಧದಷ್ಟೇ.

ಫೈಬರ್‌ಗ್ಲಾಸ್ ಇಂಥ ಸಣ್ಣ ತಯಾರಕರ ಕೈ ಹಿಡಿದದ್ದಕ್ಕೆ ಕಾರಣವಿದೆ. ತಗಡಿನ ಬಾಡಿ ಒತ್ತಲು ಭಾರೀ ಪ್ರೆಸ್ಸುಗಳೂ ದುಬಾರಿ ಡೈಗಳೂ ಬೇಕು, ಲಕ್ಷಗಟ್ಟಲೆ ಕಾರು ಮಾರಿದರಷ್ಟೇ ಆ ಬಂಡವಾಳ ಮರಳುತ್ತದೆ. ಫೈಬರ್‌ಗ್ಲಾಸಿಗೆ ಅಚ್ಚು ಸಾಕು. ಅಚ್ಚಿನ ಒಳಮೈಗೆ ಮೇಣ ಸವರಿ, ಬಣ್ಣ ಬೆರೆಸಿದ ಜೆಲ್‌ಕೋಟ್ ಬಳಿಯುತ್ತಾರೆ. ಅದು ಅಂಟಂಟಾಗಿ ಗಟ್ಟಿಯಾಗುವ ಹೊತ್ತಿಗೆ ಗಾಜಿನ ನಾರಿನ ಚಾಪೆಯನ್ನು ಹಾಸಿ, ಹಾರ್ಡನರ್ ಬೆರೆಸಿದ ರೆಸಿನ್ ಅನ್ನು ಬ್ರಷ್ಷಿನಿಂದ ಕುಡಿಸಿ, ರೋಲರ್ ಉರುಳಿಸಿ ಗಾಳಿಗುಳ್ಳೆಗಳನ್ನು ಹೊರಗೆ ಹಾಕುತ್ತಾರೆ. ಹೀಗೆ ಪದರದ ಮೇಲೆ ಪದರ. ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿದರೆ ಹೊಳೆಯುವ ಮೈ ಹೊರಬರುತ್ತದೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಸೀಳಿದರೆ ಅದೇ ಚಾಪೆ, ಅದೇ ರೆಸಿನ್ನಿನಿಂದ ತೇಪೆ ಹಾಕಬಹುದು. ಕೈಚಳಕವಿದ್ದವರಿಗೆ ಒಂದು ಶೆಡ್ಡಿನಲ್ಲೇ ಆಗುವ ಕೆಲಸವಿದು.

ಡಾಲ್ಫಿನ್ನಿನ ಹಗುರ ಮೈಗೆ ನಿಜವಾದ ಬೆಲೆ ಸಿಕ್ಕಿದ್ದು ರೇಸಿನಲ್ಲಿ. ಮದ್ರಾಸಿನ ಹತ್ತಿರ ಶೋಳಾವರಂನಲ್ಲಿ ಯುದ್ಧಕಾಲದ ವಿಮಾನದಾರಿಯೇ ರೇಸ್ ಟ್ರ್ಯಾಕ್ ಆಗಿತ್ತು. ಅಲ್ಲಿಯೂ ರ್‍ಯಾಲಿಗಳಲ್ಲಿಯೂ ಮೆಕ್ಯಾನಿಕ್‌ಗಳು ತಿದ್ದಿದ ಡಾಲ್ಫಿನ್‌ಗಳು ಹೆಸರು ಮಾಡಿದವು. ಮನೆಯಲ್ಲಿ ಕಟ್ಟುವ ಕಾರಿಗೆ ಭಾರತದಲ್ಲಿ ತೆರೆದಿದ್ದ ಬಾಗಿಲೂ ಇದೇ ರೇಸ್ ಟ್ರ್ಯಾಕ್, ಏಕೆಂದರೆ ಅಲ್ಲಿ ಓಡುವ ಗಾಡಿಗೆ ರಸ್ತೆಯ ನೋಂದಣಿ ಬೇಕಿಲ್ಲ. 1980ರ ದಶಕದ ಕೊನೆಯಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಪೈಪಿನ ಚೌಕಟ್ಟು, ಫೈಬರ್‌ಗ್ಲಾಸ್ ಮೈ ಮತ್ತು ಮಾರುತಿ 800ರ ಎಂಜಿನ್ ಸೇರಿಸಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರು ರೂಪಿಸಿದರು. ಈ ಕಾರು ದೇಶದ ಹಲವು ರೇಸ್ ಚಾಲಕರಿಗೆ ಮೊದಲ ಪಾಠಶಾಲೆಯಾಯಿತು.

ಮಾರುಕಟ್ಟೆಯಲ್ಲಿ ಮಾತ್ರ ಡಾಲ್ಫಿನ್ ನಿಲ್ಲಲಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಅದಕ್ಕಿಂತ ಆಧುನಿಕವಾಗಿತ್ತು, ನಾಲ್ಕು ಬಾಗಿಲಿನದಾಗಿತ್ತು. 1987ರಲ್ಲಿ ಸಿಪಾನಿಯವರು ನಾಲ್ಕು ಬಾಗಿಲಿನ ಮೊಂಟಾನಾ ತಂದರೂ ಪೈಪೋಟಿ ಕೊಡಲಾಗಲಿಲ್ಲ. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಸಡಿಲವಾಗಿ ವಿದೇಶಿ ಕಂಪನಿಗಳು ಬಂದ ಮೇಲೆ 1990ರ ದಶಕ ಮುಗಿಯುವ ಮೊದಲೇ ಸಿಪಾನಿ ಕಾರುಗಳ ಕಾಲ ಮುಗಿಯಿತು.

ಆ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. ಬೆಂಗಳೂರಿನ ಸ್ಯಾನ್ ಸಮೂಹ 1998ರಲ್ಲಿ ಸ್ಟಾರ್ಮ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ತಂದಿತು. ಫೈಬರ್‌ಗ್ಲಾಸ್ ಬಾಡಿ, ರೆನೊ ಕಂಪನಿಯ 1149 ಸಿಸಿಯ 60 ಅಶ್ವಶಕ್ತಿ ಎಂಜಿನ್. ಕಿಟ್ ಕಾರಿನ ಸೂತ್ರವನ್ನೇ ಕಾರ್ಖಾನೆಯಲ್ಲಿ ಪಾಲಿಸಿದ ಗಾಡಿಯಿದು. 2001ರಲ್ಲಿ ಚೇತನ್ ಮೈನಿ ಅವರ ರೇವಾ ಬಂತು. ಕಬ್ಬಿಣದ ಪೈಪಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಲಗೆಗಳನ್ನು ತೊಡಿಸಿದ ಈ ವಿದ್ಯುತ್ ಕಾರು ಬೆಂಗಳೂರಿನಿಂದ ಲಂಡನ್ನಿನ ಬೀದಿಗೂ ಹೋಯಿತು. 2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಬಂತು.

ಲೈಸೆನ್ಸಿನ ಕಾಲ ಮುಗಿದರೂ ಮನೆಯ ಗ್ಯಾರೇಜಿಗೆ ದಾರಿ ತೆರೆಯಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದ ಗಾಡಿ ರಸ್ತೆಗಿಳಿಯುವಂತಿಲ್ಲ. ಕೇಂದ್ರ ನಿಯಮಗಳ 126ನೇ ನಿಯಮದಂತೆ ತಯಾರಕರು ಪ್ರತಿ ಹೊಸ ಮಾದರಿಯನ್ನೂ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಗೊಡ್ಡಬೇಕು. ಸಾವಿರಾರು ಕಾರು ಮಾರುವ ಕಂಪನಿಗೆ ಈ ಖರ್ಚು ಹಂಚಿಹೋಗುತ್ತದೆ, ಒಂದೇ ಕಾರು ಕಟ್ಟುವವನಿಗೆ ಅದು ಕಾರಿನ ಬೆಲೆಯನ್ನೇ ಮೀರುತ್ತದೆ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹಳೆಯ ಜೀಪಿನ ಕಾಗದದ ಮೇಲೆ ಹೊಸ ಗಾಡಿ ಓಡಿಸುವ ಅಡ್ಡದಾರಿಯೂ ಮುಚ್ಚಿತು. ಬೀದರ್ ಜಿಲ್ಲೆಯ ಭಾತಂಬ್ರಾ ಗ್ರಾಮದಲ್ಲಿ ಯಾರಾದರೂ ನಿಷ್ಠೆಯಿಂದ ಒಂದು ಕಾರು ಕಟ್ಟಿದರೂ ಭಾಲ್ಕಿಯ ಆರ್‌ಟಿಒ ಕಚೇರಿಯಲ್ಲಿ ಅದರ ಪಾಸಿಂಗ್ ಆಗಿ ಕೆಎ 39ರ ನಂಬರ್ ಸಿಗುವುದು ಕಷ್ಟ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ 1998ರಿಂದ ಒಂಟಿ ಕಾರುಗಳಿಗೇ ಪ್ರತ್ಯೇಕ ತಪಾಸಣೆ ಇದೆ. ಬ್ರೇಕ್, ದೀಪ, ಸೀಟ್‌ಬೆಲ್ಟ್, ಹೊಗೆ ಎಲ್ಲವನ್ನೂ ನೋಡಿ, ಸರಿಯಿದ್ದರೆ ರಸ್ತೆಗೆ ಬಿಡುತ್ತಾರೆ.

ಈ ಅಂತರ ಎದ್ದು ಕಂಡದ್ದು 2021ರ ಕೊನೆಯಲ್ಲಿ, ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ. ದೇವರಾಷ್ಟ್ರೆ ಗ್ರಾಮದ ಕಮ್ಮಾರರೊಬ್ಬರು ಗುಜರಿ ಸಾಮಾನಿನಿಂದ ಸುಮಾರು 60,000 ರೂಪಾಯಿಯಲ್ಲಿ ಪುಟ್ಟ ಜೀಪು ಕಟ್ಟಿದ್ದರು. ದ್ವಿಚಕ್ರ ವಾಹನದಂತೆ ಕಿಕ್ ಹೊಡೆದರೆ ಅದು ಚಾಲೂ ಆಗುತ್ತಿತ್ತು. ಅದನ್ನು ಮೆಚ್ಚಿದ ಉದ್ಯಮಿ ಆನಂದ್ ಮಹೀಂದ್ರಾ, ನಿಯಮ ಮೀರಿದ ಗಾಡಿಯನ್ನು ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆಂದು ಹೇಳಿ, ಅದರ ಬದಲಿಗೆ ಹೊಸ ಬೊಲೆರೊ ಕೊಟ್ಟರು. ಕೈಕೆಲಸಕ್ಕೆ ಗೌರವ ಸಿಕ್ಕಿತು, ಗಾಡಿಗೆ ರಸ್ತೆ ಸಿಗಲಿಲ್ಲ.

ಇಂದು ಕರ್ನಾಟಕದಲ್ಲಿ ಹಗುರ ಕಾರು ಕಟ್ಟುವ ವಿದ್ಯೆ ಜೀವಂತವಾಗಿರುವುದು ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪಿನಲ್ಲಿ. ವಿದ್ಯಾರ್ಥಿಗಳೇ ಒಂಟಿ ಸೀಟಿನ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಎಸ್‌ಎಇ 1981ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ 2003ರಲ್ಲಿ ಅಶ್ವ ರೇಸಿಂಗ್ ತಂಡ ಹುಟ್ಟಿತು, ಮಣಿಪಾಲದಲ್ಲೂ ತಂಡ ಬೆಳೆಯಿತು. 2011ರಿಂದ ದೇಶದಲ್ಲೇ ಇಂಥದ್ದೇ ಸುಪ್ರಾ ಎಂಬ ಸ್ಪರ್ಧೆ ನಡೆಯುತ್ತಿದೆ. ಪೈಪು ಬೆಸೆಯುವುದು, ಬೈಕಿನ ಎಂಜಿನ್ ಕೂರಿಸುವುದು, ಅಚ್ಚಿನಲ್ಲಿ ಬಾಡಿ ಎರೆಯುವುದು ಎಲ್ಲವೂ ಕಿಟ್ ಕಾರಿನ ಕೆಲಸಗಳೇ. ಬೀದರಿನ ಗುರು ನಾನಕ್ ದೇವ್ ಕಾಲೇಜು 1980ರಿಂದ, ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜು 1982ರಿಂದ ಇರುವ ಜಿಲ್ಲೆಯಲ್ಲಿ ಇದನ್ನು ಕಲಿಯುವ ಹುಡುಗ ಹುಡುಗಿಯರಿಗೂ ವೆಲ್ಡಿಂಗ್ ಶೆಡ್ಡುಗಳಿಗೂ ಕೊರತೆಯಿಲ್ಲ. ಒಂಟಿ ಗಾಡಿಯನ್ನು ಕಡಿಮೆ ಖರ್ಚಿನಲ್ಲಿ, ಸುರಕ್ಷತೆಯಲ್ಲಿ ರಾಜಿಯಿಲ್ಲದೆ ಪರೀಕ್ಷಿಸುವ ಒಂದು ನಿಯಮ ಬಂದರೆ ಈ ವಿದ್ಯೆ ಸ್ಪರ್ಧೆಯ ಅಂಗಳ ದಾಟಿ ರಸ್ತೆಗೂ ಬರಬಲ್ಲದು.