ಹೆಸರು ತಿಳಿಯದ ನೋವು

ಕಾರ್ಲ್ ಮಾರ್ಕ್ಸನ (1818–1883) ‘ಕ್ಯಾಪಿಟಲ್’ ಗ್ರಂಥದ ಹೆಸರನ್ನು ಕೇಳದ ವಾಚಕರು ವಿರಳ. ಆದರೆ ಅದರ ಪ್ರಥಮ ಸಂಪುಟವನ್ನು ಅವನು ಎಂತಹ ದೇಹಬಾಧೆಯ ನಡುವೆ ಬರೆದು ಮುಗಿಸಿದನೆಂಬುದು ಅಷ್ಟಾಗಿ ಪರಿಚಿತವಾದ ಸಂಗತಿಯಲ್ಲ.

ಲಂಡನ್ನಿನಲ್ಲಿ ನೆಲಸಿದ್ದ ಮಾರ್ಕ್ಸನಿಗೆ 1863ರಲ್ಲಿ ಬೆನ್ನಿನ ಮೇಲೆ ಭಾರಿ ಕುರುವೊಂದೆದ್ದು ಪ್ರಾಣಕ್ಕೇ ಸಂಚಕಾರ ತಂದಿತು. ಅಲ್ಲಿಂದ ಮುಂದೆ ವರುಷಗಟ್ಟಲೆ, ಒಂದು ಮಾಯುವುದರೊಳಗೆ ಮತ್ತೊಂದು. ಎಷ್ಟೋ ದಿನ ಅವನಿಗೆ ಕುಳಿತು ಬರೆಯುವುದೂ ಅಸಾಧ್ಯವಾಯಿತು. ವೈದ್ಯರು ಅವುಗಳನ್ನು ಕುರುಗಳೆಂದೇ ಬಗೆದರು. ಬಿಸಿ ಲೇಪದ ಪಟ್ಟಿ, ದ್ರಾಕ್ಷಾಮದ್ಯ, ಶಸ್ತ್ರದಿಂದ ಸೀಳುವುದು, ಇವೇ ಚಿಕಿತ್ಸೆ. 1866ರಲ್ಲಿ ಮಿತ್ರನಾದ ಎಂಗೆಲ್ಸನು ಮ್ಯಾಂಚೆಸ್ಟರಿನ ವೈದ್ಯ ಗುಂಪರ್ಟನ ಸಲಹೆಯನ್ನು ತಿಳಿಸಲು, ಪಾಷಾಣದ ಔಷಧವನ್ನೂ ಸೇವಿಸಿದ್ದಾಯಿತು. ಅದೇ ವರುಷದ ಫೆಬ್ರವರಿಯಲ್ಲಿ ನೋವು ತಾಳಲಾರದೆ ಮಾರ್ಕ್ಸನು ಹರಿತವಾದ ಕ್ಷೌರಕತ್ತಿಯಿಂದ ತಾನೇ ಒಂದು ಕುರುವನ್ನು ಸೀಳಿಕೊಂಡನು. ಬಳಿಕ ಮಾರ್ಗೇಟಿನ ಕಡಲತೀರದಲ್ಲಿ ಕೆಲವು ವಾರ ವಿಶ್ರಾಂತಿ ಪಡೆದನು. 1867ರಲ್ಲಿ ಗ್ರಂಥವು ಅಚ್ಚಾಯಿತು, ವ್ಯಾಧಿಯು ಬಿಡಲಿಲ್ಲ.

ಇದೇ ಕಾಲದಲ್ಲಿ ಕಡಲಾಚೆಯ ಪ್ಯಾರಿಸ್ಸಿನಲ್ಲಿ ಬೇರೊಂದು ವಿಚಾರ ನಡೆದಿತ್ತು. ಕಂಕುಳು, ತೊಡೆಸಂದು ಮುಂತಾದೆಡೆ ಮರಳಿ ಮರಳಿ ಏಳುವ ಕೀವುಗಂಟುಗಳನ್ನು 1839ರಲ್ಲಿ ವೆಲ್ಪೋ ವರ್ಣಿಸಿದ್ದನು. 1854ರಿಂದ ವೆರ್ನೋಯ್ ಎಂಬ ಶಸ್ತ್ರವೈದ್ಯನು ಅದು ಬೆವರಿನ ಗ್ರಂಥಿಗಳ ಬೇರೆಯೇ ವ್ಯಾಧಿಯೆಂದು ಪ್ರತಿಪಾದಿಸಿ ಹೆಸರನ್ನೂ ಕೊಟ್ಟನು. ಇಂದಿನ ವೈದ್ಯರು ಅದನ್ನು ಹೈಡ್ರಾಡಿನೈಟಿಸ್ ಸಪ್ಪುರೇಟಿವಾ ಎನ್ನುತ್ತಾರೆ. ಮಾರ್ಕ್ಸನನ್ನು ಕಾಡಿದ್ದು ಇದೇ ಎಂದು ಚರ್ಮವೈದ್ಯ ಸ್ಯಾಮ್ ಶುಸ್ಟರ್ 2007ರಲ್ಲಿ ಅವನ ಪತ್ರಗಳ ಆಧಾರದಿಂದ ವಾದಿಸಿದರು. ಪತ್ರಗಳನ್ನೋದಿ ಮಾಡಿದ ನಿದಾನವು ಊಹೆಯೇ ಸರಿ; ಆದರೂ ಲಕ್ಷಣಗಳು ಬಹುಮಟ್ಟಿಗೆ ಹೊಂದುತ್ತವೆ.

ವ್ಯಾಧಿಯ ಮೂಲವು ರೋಮಕೂಪ ಮುಚ್ಚಿಕೊಂಡು ಒಳಗೆ ಉರಿಯೂತವೇಳುವುದರಲ್ಲಿದೆಯೆಂದು ಈಗ ತಿಳಿದಿದೆ. ಇದು ಕೊಳಕಿನಿಂದ ಬಂದುದಲ್ಲ, ಅಂಟುರೋಗವೂ ಅಲ್ಲ. ಮೇಲಿಂದ ಸೀಳಿದರೆ ನೋವು ಒಡನೆ ಇಳಿಯುತ್ತದೆ; ಆದರೆ ಗಂಟು ಸಾಮಾನ್ಯವಾಗಿ ಮರಳುತ್ತದೆ. ಮಾರ್ಕ್ಸನ ಕತ್ತಿ ಕೊಟ್ಟದ್ದು ಅಷ್ಟೇ ನೆಮ್ಮದಿ. ಇಂದು ಗಂಟಿನೊಳಕ್ಕೇ ಸ್ಟಿರಾಯ್ಡ್ ಚುಚ್ಚುತ್ತಾರೆ. ಅಥವಾ ಆ ಭಾಗವನ್ನು ಮರಗಟ್ಟಿಸಿ ಗಂಟಿನ ಮೇಲ್ಪದರವನ್ನೇ ತೆಗೆಯುತ್ತಾರೆ. ಉರಿಯೂತವನ್ನು ತಗ್ಗಿಸುವ ಅಡಾಲಿಮುಮಾಬ್ ಎಂಬ ಚುಚ್ಚುಮದ್ದಿಗೆ 2015ರಲ್ಲಿ ಅಮೆರಿಕೆಯಲ್ಲೂ ಯುರೋಪಿನಲ್ಲೂ ಒಪ್ಪಿಗೆ ದೊರೆಯಿತು. ಸಡಿಲವಾದ ಉಡುಪು ಹಾಗೂ ಧೂಮಪಾನತ್ಯಾಗಗಳನ್ನೂ ವೈದ್ಯರು ಬೋಧಿಸುತ್ತಾರೆ. ಮಾರ್ಕ್ಸನಾದರೋ ಚುಟ್ಟದ ದಾಸನಾಗಿದ್ದನು.

ಇಷ್ಟಾದರೂ ರೋಗಿಗಳು ಸರಿಯಾದ ನಿದಾನಕ್ಕಾಗಿ ಇಂದಿಗೂ ಹಲವು ವರುಷ ಕಾಯುವುದುಂಟು. ಕುರುವೆಂದು ಉಪೇಕ್ಷಿಸುವವರು ಕೆಲವರು. ಗುಪ್ತಸ್ಥಳದ ವ್ಯಾಧಿಯೆಂದು ನಾಚಿ ಬಾಯಿಬಿಡದವರು ಹಲವರು. ಮಾರ್ಕ್ಸನಿಗೆ ತನ್ನ ನೋವನ್ನು ಹೇಳಿಕೊಳ್ಳಲು ಮಿತ್ರನಿದ್ದನು, ಹೇಳುವ ಮಾತೂ ಇತ್ತು. ಇಲ್ಲದ್ದು ನೋವಿನ ಹೆಸರು ಮಾತ್ರ. ಇಂದು ಹೆಸರಿದೆ. ಮನೆಯಲ್ಲಿ ಮೌನವಾಗಿ ನರಳುವವರಿದ್ದರೆ, ನಾಚಿಕೆಯನ್ನು ಬಿಡಿಸಿ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ನಮ್ಮ ಹೊಣೆ.