ಮರೆಗುಳಿ ಕಾಯಿಲೆಯ ಆರೈಕೆಯಲ್ಲಿ ಸಂಗೀತ: ಗುಬ್ಬಿ ಸೀಮೆ

ಮರೆಗುಳಿ ಕಾಯಿಲೆ ಅಥವಾ ಡಿಮೆನ್ಶಿಯಾ ಬಂದವರ ತಳಮಳ, ಬೇಸರ, ಒಂಟಿತನಗಳನ್ನು ಕಡಿಮೆ ಮಾಡಲು ಹಾಡು, ವಾದ್ಯ, ತಾಳಗಳನ್ನು ಬಳಸಿಕೊಳ್ಳುವ ಆರೈಕೆಯ ಕ್ರಮ. ಕಾಯಿಲೆಯನ್ನು ಇದು ವಾಸಿ ಮಾಡುವುದಿಲ್ಲ, ಔಷಧಿಗೆ ಬದಲಿಯೂ ಅಲ್ಲ. ತರಬೇತಾದ ಸಂಗೀತ ಚಿಕಿತ್ಸಕರು ನಡೆಸುವುದು ಒಂದು ಬಗೆ. ಮನೆಯವರೇ ದಿನದ ಕೆಲಸದ ನಡುವೆ ಹಾಡು ಕೇಳಿಸುವುದು, ಹಾಡಿಸುವುದು ಇನ್ನೊಂದು ಬಗೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಗೆ ಎರಡನೆಯದೇ ಹೆಚ್ಚು ಹೊಂದುತ್ತದೆ. ಇಲ್ಲಿ ಈಗ ಎಪ್ಪತ್ತು, ಎಂಬತ್ತು ದಾಟಿರುವ ಅನೇಕರು ಸಂಗೀತವನ್ನು ಕೇಳಿಯಷ್ಟೇ ಬೆಳೆದವರಲ್ಲ. ನಾಟಕದ ತಾಲೀಮಿನಲ್ಲಿ, ಭಜನೆಮನೆಯಲ್ಲಿ, ಮದುವೆಯ ಚಪ್ಪರದಡಿ, ಗದ್ದೆಯಲ್ಲಿ ಬಾಯಿಬಿಟ್ಟು ಹಾಡಿದವರು.

ಮಿದುಳಿನ ಜೀವಕೋಶಗಳು ನಶಿಸುತ್ತ ಬಂದು ನೆನಪು, ಮಾತು, ದಿಕ್ಕು, ತೀರ್ಮಾನ ಮಾಡುವ ಶಕ್ತಿ ಕುಂದುವ ಹಲವು ಕಾಯಿಲೆಗಳಿಗೆ ಒಟ್ಟಾಗಿ ಡಿಮೆನ್ಶಿಯಾ ಎನ್ನುತ್ತಾರೆ. ಅದರಲ್ಲಿ ಶೇ 60ರಿಂದ 70ರಷ್ಟು, ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್ 1906ರಲ್ಲಿ ವಿವರಿಸಿದ ರೋಗ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಇದು ಪೇಟೆಯ ಕಾಯಿಲೆ ಎಂಬ ಭಾವನೆ ತಪ್ಪು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿರುವುದು ಹಳ್ಳಿಯ ಮುಪ್ಪನ್ನು ಅರಿಯಲೆಂದೇ. ನಮ್ಮ ಕಡೆ ಕಾಯಿಲೆ ತಡವಾಗಿ ಬೆಳಕಿಗೆ ಬರುವುದಕ್ಕೆ ಒಂದು ಕಾರಣ, ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುವ ರೂಢಿ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಕೂಡ ಮರೆವನ್ನು ತರುತ್ತವೆ, ಇವಕ್ಕೆ ಚಿಕಿತ್ಸೆಯಿದೆ. ಹಾಗಾಗಿ ಹಾಡಿನ ಮಾತಿಗೆ ಮೊದಲು ವೈದ್ಯರ ತಪಾಸಣೆ ಆಗಬೇಕು.

ಹಾಡು ಏಕೆ ಉಳಿಯುತ್ತದೆ

ಬೆಳಿಗ್ಗೆ ಉಂಡದ್ದು ನೆನಪಿಲ್ಲದ ಅಜ್ಜಿ ಐವತ್ತು ವರ್ಷದ ಹಿಂದಿನ ಸೋಬಾನೆ ಪದವನ್ನು ನುಡಿ ತಪ್ಪದೆ ಹಾಡುವುದನ್ನು ಕಂಡು ಮನೆಯವರು ಬೆರಗಾಗುವುದುಂಟು. ಕೆಲವರು ‘ಬೇಕೆಂದೇ ಮರೆತ ಹಾಗೆ ಆಡ್ತಾರೆ’ ಎಂದು ಅನುಮಾನಿಸುವುದೂ ಉಂಟು. ಆಟವೇನೂ ಇಲ್ಲ. ಇವತ್ತು ಯಾರು ಬಂದು ಹೋದರು ಎಂಬಂಥ ಘಟನೆಯ ನೆನಪು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಬಹುವಾಗಿ ನೆಚ್ಚಿಕೊಂಡಿದೆ, ಆಲ್ಝೈಮರ್ ಮೊದಲು ಕೈಯಿಡುವುದೂ ಅಲ್ಲಿಗೇ. ಸೈಕಲ್ ತುಳಿಯುವುದು, ರಂಗೋಲಿ ಎಳೆಯುವುದು, ಹಾಡುವುದು ಇವು ಮೈಗೂಡಿದ ರೂಢಿಯ ನೆನಪುಗಳು. ಅವುಗಳ ದಾರಿ ಬೇರೆ. 2015ರಲ್ಲಿ ಜರ್ಮನಿಯ ಲೈಪ್‌ಝಿಗ್‌ನ ಸಂಶೋಧಕರು, ಬಹುಕಾಲದಿಂದ ಬಲ್ಲ ಹಾಡನ್ನು ಕೇಳಿದಾಗ ಚುರುಕಾಗುವ ಮಿದುಳಿನ ಜಾಗಗಳನ್ನು ಗುರುತಿಸಿ, ಆಲ್ಝೈಮರ್ ರೋಗಿಗಳಲ್ಲಿ ಆ ಜಾಗಗಳು ಉಳಿದ ಭಾಗಕ್ಕಿಂತ ಕಡಿಮೆ ಸವೆದಿರುತ್ತವೆ ಎಂದು ತೋರಿಸಿದರು.

ಸಂಗೀತದಿಂದ ಆಗುವ ಲಾಭದ ಅಳತೆ ಇಷ್ಟು: 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಖಿನ್ನತೆಯ ಲಕ್ಷಣಗಳು ಇಳಿಯುತ್ತವೆ, ವರ್ತನೆಯ ತೊಂದರೆಗಳು ಒಟ್ಟಾರೆ ಸುಧಾರಿಸುತ್ತವೆ, ಸಿಟ್ಟು, ಹೊಡೆದಾಟದ ಸ್ವಭಾವ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ, ಬುದ್ಧಿಶಕ್ತಿ ಮರಳುವುದಿಲ್ಲವೆಂದೇ ಹೇಳಬೇಕು. ಫಿನ್ಲೆಂಡಿನ ಅಧ್ಯಯನವೊಂದು (2014) ನಮ್ಮ ಮನೆಗಳಿಗೆ ಹತ್ತಿರದ್ದು. ಅಲ್ಲಿ ಆರೈಕೆ ಮಾಡುವವರಿಗೇ ಹಾಡಿಸುವುದನ್ನು, ಹಾಡು ಕೇಳಿಸುವುದನ್ನು ಹತ್ತು ವಾರ ಕಲಿಸಿದರು. ಕಾಯಿಲೆ ಇನ್ನೂ ಹೆಚ್ಚು ಬಲಿಯದವರ ಮನಸ್ಥಿತಿ ಉತ್ತಮಗೊಂಡಿತು. ಆಸ್ಟ್ರೇಲಿಯಾದ ವೃದ್ಧರ ಆರೈಕೆ ಮನೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಚಿಕಿತ್ಸೆಯೆಂಬ ಹೆಸರಿನ ಗುಂಪು ಕಲಾಪಕ್ಕಿಂತ, ಖುಷಿಗಾಗಿ ಎಲ್ಲರೂ ಕೂಡಿ ಹಾಡುವ ಬಳಗದಿಂದಲೇ ಖಿನ್ನತೆ ಹೆಚ್ಚು ಇಳಿಯಿತು. ಕೂಡಿ ಹಾಡುವುದಕ್ಕೆ ನಮ್ಮ ಊರುಗಳಲ್ಲಿ ಭಜನೆ ಎಂಬ ಹೆಸರು ಮೊದಲಿಂದಲೂ ಇದೆ.

ಗುಬ್ಬಿಯ ನಾಟಕ, ಊರಿನ ಬಾಯಿಪಾಠ

ತುಮಕೂರಿನಿಂದ ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವೇ ಮುಂದೆ ನಾಡಿಗೆಲ್ಲ ‘ಗುಬ್ಬಿ ಕಂಪನಿ’ಯಾಯಿತು. ಬಾಲನಟನಾಗಿ ಸೇರಿ ಅದರ ಮಾಲೀಕರಾದ ಗುಬ್ಬಿ ವೀರಣ್ಣ (1891–1972) ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾದರು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಇವರೆಲ್ಲ ಆ ಕಂಪನಿಯಲ್ಲಿ ಪಳಗಿದವರು. ಈ ಚರಿತ್ರೆ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಮುಖ್ಯವಾಗುವುದು ಕಂಪನಿ ಹಳ್ಳಿಗಳಲ್ಲಿ ಬಿಟ್ಟುಹೋದ ಚಾಳಿ: ಊರಿನ ರೈತರು, ಮೇಷ್ಟ್ರುಗಳು, ಅಂಗಡಿಯವರು ತಾವೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುವುದು. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಜಾತ್ರೆಯ ಬಯಲುಗಳಲ್ಲೂ ‘ಕುರುಕ್ಷೇತ್ರ’ ಈಗಲೂ ರಾತ್ರಿಯಿಡೀ ನಡೆಯುತ್ತದೆ.

ಈ ನಾಟಕ ಕಲಿಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಹಾಡು ಅಷ್ಟು ಗಟ್ಟಿಯಾಗಿ ಉಳಿಯುವುದೇಕೆಂದು ತಿಳಿಯುತ್ತದೆ. ಊಟ ಮುಗಿಸಿ ರಾತ್ರಿ ದೇವಸ್ಥಾನದ ಪಡಸಾಲೆಯಲ್ಲೋ ಶಾಲೆಯ ಕೊಠಡಿಯಲ್ಲೋ ತಾಲೀಮು. ಹಾರ್ಮೋನಿಯಂ ಮೇಷ್ಟ್ರು ಹೊರಗಿನಿಂದ ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರಕ್ಕೆ ಕೈಯಿಂದ ಹಣ ಕೊಡಬೇಕು. ದುರ್ಯೋಧನನಂಥ ದೊಡ್ಡ ಪಾತ್ರಕ್ಕೆ ಹೆಚ್ಚು. ದುಡ್ಡು ಕೊಟ್ಟು ಕೊಂಡ ಪಾತ್ರವನ್ನು ಯಾರೂ ಸಡಿಲವಾಗಿ ಕಲಿಯುವುದಿಲ್ಲ. ಮೇಷ್ಟ್ರು ಮಟ್ಟನ್ನು ಒಮ್ಮೆ ನುಡಿಸಿ ಶ್ರುತಿ ಹಿಡಿಯುತ್ತಾರೆ, ಪಾತ್ರಧಾರಿ ಎದ್ದು ಹೆಜ್ಜೆ ಹಾಕಿ, ಕೈಯೆತ್ತಿ ಕಂದವನ್ನೋ ಸೀಸಪದ್ಯವನ್ನೋ ಎತ್ತಿಕೊಳ್ಳುತ್ತಾನೆ. ತಪ್ಪಿದರೆ ಮತ್ತೆ ಮೊದಲಿಂದ. ಎಷ್ಟೋ ಜನಕ್ಕೆ ಪುಸ್ತಕ ಓದಲು ಬಾರದು, ಕಿವಿಯೇ ಪುಸ್ತಕ. ಪ್ರದರ್ಶನದ ದಿನ ಹಾಡು ಚೆನ್ನಾಗಿ ಬಂದರೆ ಜನ ‘ಒನ್ಸ್ ಮೋರ್’ ಕೂಗುತ್ತಾರೆ, ಅದೇ ಹಾಡು ಮತ್ತೊಮ್ಮೆ. ಧಾಟಿ, ಸಾಹಿತ್ಯ, ಹೆಜ್ಜೆ, ಕೈಚಲನೆ, ಹೆಮ್ಮೆ ಎಲ್ಲವೂ ಒಂದೇ ಗಂಟಿನಲ್ಲಿ ಬೀಳುತ್ತವೆ. ಗಂಟಿನ ಯಾವುದಾದರೂ ಒಂದು ಎಳೆ ಕೈಗೆ ಸಿಕ್ಕರೂ ಉಳಿದದ್ದು ಹಿಂದೆಯೇ ಬರುವ ಸಂಭವ ಹೆಚ್ಚು. ಹಾಗಾಗಿ ಯೌವನದಲ್ಲಿ ಭೀಮನ ಪಾತ್ರ ಹಾಕುತ್ತಿದ್ದ ತಾತನಿಗೆ ಮೊಬೈಲಿನಲ್ಲಿ ಯಾವುದೋ ಕೊಳಲು ಹಾಕಿ ಕೂರಿಸುವುದಕ್ಕಿಂತ, ಹಾರ್ಮೋನಿಯಂ ಬಲ್ಲ ಹಳೆಯ ಜೊತೆಗಾರರೊಬ್ಬರನ್ನು ಕರೆಸಿ ಭೀಮನ ಮಟ್ಟಿನ ಮೊದಲ ಸಾಲನ್ನು ನುಡಿಸಿ ಕಾಯುವುದು ಮೇಲು. ‘ತಾತ, ನಿಮ್ಮ ಪಾತ್ರ ಬಂತು’ ಎನ್ನುವ ಮಾತಿಗೂ ಕೆಲಸವಿದೆ. ‘ನೆನಪಿದೆಯಾ?’ ಎಂದು ಕೇಳಬಾರದು, ಅದು ಪರೀಕ್ಷೆಯಾಗುತ್ತದೆ.

ಹೆಂಗಸರ ಹಾಡಿನ ಬುತ್ತಿ ಬೇರೆ, ಅದನ್ನು ಕೇಳಿ ಬರೆದಿಟ್ಟುಕೊಳ್ಳುವವರೂ ಕಡಿಮೆ. ಪೌರಾಣಿಕ ನಾಟಕದ ಸ್ತ್ರೀಪಾತ್ರಗಳಿಗೆ ಹೊರಗಿನ ಕಲಾವಿದೆಯರನ್ನು ಕರೆಸುವುದರಿಂದ ಊರಿನ ಹೆಣ್ಣುಮಕ್ಕಳ ಸಂಗೀತ ರಂಗದಾಚೆ ಬೆಳೆಯಿತು: ರಾಗಿ ಬೀಸುವ ಪದ, ನಾಟಿ ಪದ, ಸೋಬಾನೆ, ಆರತಿ ಹಾಡು, ಮಗು ತೂಗುವ ಜೋಗುಳ. ಕುಣಿಗಲ್ ಕೆರೆಯನ್ನು ಕೊಂಡಾಡುವ ಜನಪದ ಗೀತೆ ನಾಡಿನ ಎಲ್ಲರ ಬಾಯಲ್ಲಿದ್ದರೂ ಆ ಸೀಮೆಯ ಮುದುಕಿಗೆ ಅದು ತವರಿನ ಕೆರೆ. ಬೀಸುವ ಪದಕ್ಕೆ ಕೈ ಸುತ್ತುವ ಲಯವಿದೆ, ಜೋಗುಳಕ್ಕೆ ತೂಗುವ ಲಯ. ಮಡಿಲಲ್ಲಿ ಮೊರ ಇಟ್ಟು ಕಾಳು ಆರಿಸಲು ಕೊಟ್ಟರೆ ಎಷ್ಟೋ ಸಲ ಪದ ತಾನಾಗಿ ಬರುತ್ತದೆ. ಸಮುದಾಯಗಳ ಭೇದವನ್ನೂ ಗಮನಿಸಬೇಕು. ಎಡೆಯೂರು ಸಿದ್ಧಲಿಂಗೇಶ್ವರರ ಒಕ್ಕಲಿನ ಮನೆಗಳಲ್ಲಿ ವಚನ, ತತ್ವಪದ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯ, ಗಣೆ ಎಂಬ ಕೊಳಲಿನ ನಾದ. ಉರ್ದು ಮಾತಿನ ಮನೆಗಳಲ್ಲಿ ನಾತ್, ಖವ್ವಾಲಿ. ಪಾವಗಡದ ಕಡೆಯಿಂದ ಬಂದು ತುಮಕೂರಿನಲ್ಲಿ ನೆಲೆಸಿದವರ ಎಳೆತನದ ಹಾಡುಗಳು ತೆಲುಗಿನವಾಗಿರಬಹುದು. ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಮೊದಲ ಭಾಷೆ ಮುಂದೆ ಬರುವುದು ಸಾಮಾನ್ಯ.

ಮನೆಯಲ್ಲಿ ನಡೆಸುವ ಬಗೆ

ಮನುಷ್ಯ ಹತ್ತರಿಂದ ಇಪ್ಪತ್ತೈದು, ಮೂವತ್ತರ ವಯಸ್ಸಿನಲ್ಲಿ ಕೇಳಿದ ಸಂಗೀತ ಎಲ್ಲಕ್ಕಿಂತ ಆಳವಾಗಿ ನಿಲ್ಲುತ್ತದೆ ಎಂಬುದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡ ಸಂಗತಿ. ಲೆಕ್ಕ ಸುಲಭ. 1945ರಲ್ಲಿ ಹುಟ್ಟಿದವರಿಗೆ ಅದು 1955ರಿಂದ 1970ರ ದಶಕದ ಮೊದಲ ವರ್ಷಗಳವರೆಗಿನ ಕಾಲ: ಬೆಂಗಳೂರು ಆಕಾಶವಾಣಿ 1955ರಲ್ಲಿ ಶುರುವಾದ ಮೇಲಿನ ದಿನಗಳು, ಗುಬ್ಬಿ ಸಂಸ್ಥೆಯೇ ನಿರ್ಮಾಣದಲ್ಲಿ ಕೈಗೂಡಿಸಿದ ‘ಬೇಡರ ಕಣ್ಣಪ್ಪ’ದಿಂದ (1954) ‘ಬಂಗಾರದ ಮನುಷ್ಯ’ದವರೆಗಿನ (1972) ಟೂರಿಂಗ್ ಟಾಕೀಸ್ ಕಾಲ, ಪಿ. ಕಾಳಿಂಗರಾಯರ ದನಿ. ಮಗನಿಗೆ ಇಷ್ಟವಾದ ಎಂಬತ್ತರ ದಶಕದ ಹಾಡನ್ನು ಅಪ್ಪನಿಗೆ ಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು.

ಕೇಳಿಸುವಾಗ ಟಿ.ವಿ. ಆರಿಸಬೇಕು. ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಹಾಕಿರಬೇಕು; ಕಿವುಡುತನ ಡಿಮೆನ್ಶಿಯಾದ ಅಪಾಯವನ್ನೇ ಹೆಚ್ಚಿಸುತ್ತದೆ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಗುರುತಿಸಿದೆ. ಯೂಟ್ಯೂಬಿನಲ್ಲಿ ಹಾಡಿನ ನಡುವೆ ಜಾಹೀರಾತು ಕಿರುಚಿದರೆ ಕಂಗಾಲಾಗುತ್ತಾರೆ, ಆದ್ದರಿಂದ ಹಾಡುಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳುವುದು ಒಳ್ಳೆಯದು. ಜೊತೆಯಲ್ಲಿ ಹಾಡುವವರು ಶ್ರುತಿ ಇಳಿಸಬೇಕು. ಕಂಪನಿ ನಾಟಕದ ಎತ್ತರದ ಶ್ರುತಿ ಎಂಬತ್ತರ ಗಂಟಲಿಗೆ ನಿಲುಕದು. ಸಂಜೆಯ ಹೊತ್ತಿಗೆ ‘ಮನೆಗೆ ಹೋಗ್ಬೇಕು’ ಎಂದು ಬಾಗಿಲ ಕಡೆ ನಡೆಯುವ ಗಲಿಬಿಲಿ ಅನೇಕರಲ್ಲಿ ಕಾಣಿಸುತ್ತದೆ. ಅದು ಏರಿದ ಮೇಲೆ ಹಾಡು ಹಚ್ಚಿದರೆ ಪ್ರಯೋಜನ ಕಡಿಮೆ. ಅರ್ಧ ಗಂಟೆ ಮೊದಲೇ, ದೀಪ ಹಚ್ಚುವ ಹೊತ್ತಿಗೆ ಭಜನೆ ಶುರುವಾಗಬೇಕು. ಸ್ನಾನಕ್ಕೆ ಹಠ ಮಾಡುವವರ ವಿಷಯವೂ ಹೀಗೆಯೇ: ಬಚ್ಚಲಿಗೆ ಎಳೆದೊಯ್ಯುವಾಗ ಹಾಡುವುದಲ್ಲ, ನಡುಮನೆಯಲ್ಲೇ ಹಾಡು ಎತ್ತಿಕೊಂಡು, ಅದರೊಡನೆಯೇ ಬಚ್ಚಲ ಕಡೆ ನಡೆಸಬೇಕು.

ಹುಬ್ಬು ಗಂಟಿಕ್ಕಿದರೆ, ಕೈ ಕೊಸರಿದರೆ, ಸದ್ದಿಲ್ಲದೆ ಕಣ್ಣೀರು ಹರಿದರೆ ಗಮನಿಸಬೇಕು. ಅಳು ಬಂದಾಗಲೆಲ್ಲ ನಿಲ್ಲಿಸಬೇಕೆಂದಿಲ್ಲ; ಅತ್ತು ಹಗುರಾಗುವವರೂ ಇದ್ದಾರೆ. ಆದರೆ ಈ ಸೀಮೆಯಲ್ಲಿ ಒಂದು ಎಚ್ಚರ ಬೇಕು. ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡುವ ವಾಡಿಕೆ ಹಲವು ಊರುಗಳಲ್ಲಿದೆ. ಮಕ್ಕಳಿಗೆ ಭಕ್ತಿಗೀತೆಯಾಗಿ ಕೇಳುವ ಪದ ತಾಯಿಗೆ ಗಂಡನ ಹೆಣದ ಮುಂದೆ ಹಾಡಿದ್ದಾಗಿರಬಹುದು. ತಮಟೆಯೂ ಹಾಗೆಯೇ, ಒಬ್ಬರಿಗೆ ಜಾತ್ರೆ, ಇನ್ನೊಬ್ಬರಿಗೆ ಮಸಣದ ದಾರಿ. ಹಾಡುಗಳ ಪಟ್ಟಿ ಮಾಡುವ ಮೊದಲು ಅಕ್ಕತಂಗಿಯರನ್ನು, ಓರಗೆಯ ನೆಂಟರನ್ನು ಕೇಳಿಕೊಳ್ಳುವುದು ಅದಕ್ಕೇ.

ಇಂಥ ರೋಗಕ್ಕೆ ಇಂಥ ರಾಗ ಎಂದು ಹೇಳುವ ಪುಸ್ತಕಗಳೂ ಆ್ಯಪ್‌ಗಳೂ ಬೇಕಾದಷ್ಟಿವೆ. ಡಿಮೆನ್ಶಿಯಾದ ಮಟ್ಟಿಗೆ ಒಂದು ನಿರ್ದಿಷ್ಟ ರಾಗಕ್ಕೇ ವಿಶೇಷ ಗುಣವಿದೆ ಎನ್ನಲು ಗಟ್ಟಿ ಆಧಾರವಿಲ್ಲ. ದುಡ್ಡು ತೆತ್ತು ‘ನೆನಪಿನ ರಾಗ’ ಕೊಳ್ಳುವವರು ಅದೇ ದುಡ್ಡಿನಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ವಾರಕ್ಕೊಮ್ಮೆ ಮನೆಗೆ ಕರೆಸಬಹುದು. ಸಂಗೀತ ಮತ್ತು ಮಿದುಳಿನ ಸಂಬಂಧದ ಬಗ್ಗೆ ಶಿಸ್ತಿನ ಸಂಶೋಧನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಶಾಂತಲಾ ಹೆಗಡೆ ಅವರ ಪ್ರಯೋಗಾಲಯವಿದೆ. ಅದೇ ಊರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಶಿಯಾ ಇರುವವರಿಗಾಗಿಯೇ ಆರೈಕೆ ಕೇಂದ್ರ ನಡೆಸುತ್ತಿದೆ. ಗುಬ್ಬಿ, ಕುಣಿಗಲ್ಲಿನ ಕುಟುಂಬಗಳಿಗೆ ಹತ್ತಿರದ ದಾರಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ. ಅದರಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ಮತ್ತು ಹಿರಿಯರ ಸಹಾಯವಾಣಿ 14567 ಎರಡೂ ಉಚಿತ. ನೋಡಿಕೊಳ್ಳುವವರು, ಅಂದರೆ ಬಹುಪಾಲು ಸೊಸೆಯಂದಿರು, ಹೆಣ್ಣುಮಕ್ಕಳು, ತಮ್ಮ ಬಳಲಿಕೆಯ ಬಗ್ಗೆಯೂ ಅಲ್ಲಿ ಮಾತಾಡಬಹುದು.

ಧ್ವನಿಮುದ್ರಣ ಹುಡುಕುವವರಿಗೆ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಹಾಡಿರುವ ರಂಗಗೀತೆಗಳು ಒಳ್ಳೆಯ ಆರಂಭ. ಅದಕ್ಕಿಂತ ಬೆಲೆಬಾಳುವುದು ಮನೆಯ ಬೀರುವಿನಲ್ಲೇ ಇರಬಹುದು. ವಿಡಿಯೋದವರು ಹಳ್ಳಿಗಳಿಗೆ ಬಂದ ಮೇಲೆ ಊರಿನ ನಾಟಕ, ಮದುವೆಗಳನ್ನು ತೆಗೆದ ಕ್ಯಾಸೆಟ್ಟು, ಸಿ.ಡಿ.ಗಳು ಎಷ್ಟೋ ಮನೆಗಳಲ್ಲಿ ಬಿದ್ದಿವೆ. ಅವುಗಳಲ್ಲಿ ಅಪ್ಪನದೇ ದುರ್ಯೋಧನ, ಅಜ್ಜಿಯದೇ ಸೋಬಾನೆ ಸಿಕ್ಕೀತು. ಕ್ಯಾಸೆಟ್ಟಿನ ಟೇಪು ಬೂಸ್ಟು ಹಿಡಿದು ಹಾಳಾಗುತ್ತದೆ. ಫೋಟೋ ಸ್ಟುಡಿಯೋದವರಲ್ಲಿ ಕೆಲವರು ಅದನ್ನು ಮೊಬೈಲಿನಲ್ಲಿ ನೋಡುವಂತೆ ಬದಲಾಯಿಸಿಕೊಡುತ್ತಾರೆ. ಪಾತ್ರದ ಹೆಸರು, ಮೇಷ್ಟ್ರ ಹೆಸರು, ಆಡಿದ ವರ್ಷವನ್ನು ಮನೆಯ ಹಿರಿಯರಿಗೆ ಇನ್ನೂ ನೆನಪಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗಿಡಬೇಕು.