ನಿರೋಧ, ಅಜ್ಜ ಮತ್ತು ಡಾಕ್ಟರ್ ಕಾಂಡೋಮ್

ಮೊನ್ನೆ ಗೆಳೆಯನೊಬ್ಬನ ಜೊತೆ ಮೆಡಿಕಲ್ ಶಾಪಿಗೆ ಹೋಗಿದ್ದೆ. ಮುಂದಿನ ವಾರ ಅವನ ಮದುವೆ. ಎರಡು ಸಲ ವಿಕ್ಸ್ ಕೊಂಡ, ಮೂರನೇ ಸಲ ಶೆಲ್ಫಿನತ್ತ ಬೆರಳು ತೋರಿಸಿ "ಅದು" ಅಂದ. ಹೆಸರು ಮಾತ್ರ ಬಾಯಿಂದ ಹೊರಡಲಿಲ್ಲ!

ನನಗೆ ನಾಲ್ಕನೇ ಕ್ಲಾಸು ನೆನಪಾಯ್ತು. ಕಾನಸೂರಿನ ಗೋಡೆಯೊಂದರ ಮೇಲೆ ಕೆಂಪು ತ್ರಿಕೋನ, ಪಕ್ಕದಲ್ಲಿ 'ನಿರೋಧ್ ಬಳಸಿ'. ಮನೆಗೆ ಬಂದು ಅಜ್ಜನ ಹತ್ತಿರ ಅರ್ಥ ಕೇಳಿದೆ. ಅಜ್ಜ ಕವಳ ಹಾಕುತ್ತಾ, "ನಿರೋಧ ಅಂದ್ರೆ ತಡೆಯದು ತಮಾ" ಅಂದವ ಸೀದಾ ಪತಂಜಲಿಗೆ ಹೋದ. ಯೋಗ ಅಂದರೇನು ಅಂತ ಹೇಳಲು ಪತಂಜಲಿ ಬಳಸಿದ್ದೂ ಇದೇ ಪದವಂತೆ. ನಾನು ಬಹಳ ದಿನ ಅದನ್ನು ಯಾವುದೋ ಯೋಗಾಸನ ಅಂದುಕೊಂಡಿದ್ದೆ.

ಸರ್ಕಾರ ನಿರೋಧನ್ನು ಮಾರುಕಟ್ಟೆಗೆ ತಂದದ್ದು 1968ರಲ್ಲಿ, ಮೂರಕ್ಕೆ 15 ಪೈಸೆ. ಟೀಪುಡಿ, ಸೋಪು ಮಾರುವ ಕಂಪನಿಗಳೇ ಹಳ್ಳಿ ಅಂಗಡಿಗಳಿಗೆ ಮುಟ್ಟಿಸಿದವು. ಮೊದಲು ಸೂಚಿಸಿದ್ದ ಹೆಸರು ಮನ್ಮಥನದ್ದು, 'ಕಾಮರಾಜ್'. ಆದರೆ ಆಗ ಕಾಂಗ್ರೆಸ್ ಅಧ್ಯಕ್ಷರ ಹೆಸರೂ ಕಾಮರಾಜ್! ಹಾಗಾಗಿ ಸಂಸ್ಕೃತದ ಮೊರೆ ಹೋದರು.

ಇನ್ನು 'ಕಾಂಡೋಮ್'. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಗೆ ಅದನ್ನು ಮಾಡಿಕೊಟ್ಟ ಡಾಕ್ಟರ್ ಕಾಂಡೋಮ್ ಎಂಬುವನ ಹೆಸರು ಅಂತ ಕಥೆ. ಆದರೆ ಇಟಲಿಯ ಫಾಲೋಪಿಯೋ ಲಿನನ್ ಬಟ್ಟೆಯ ಚೀಲದ ಬಗ್ಗೆ ಬರೆದ ಪುಸ್ತಕ ಅಚ್ಚಾಗಿದ್ದು 1564ರಲ್ಲಿ, ಚಾರ್ಲ್ಸ್ ಹುಟ್ಟಿದ್ದು 1630ರಲ್ಲಿ. ವಿಲಿಯಂ ಕ್ರುಕ್ ಎಂಬವರು ಈ ಡಾಕ್ಟರನನ್ನು ಹುಡುಕುತ್ತಾ ಒಂದು ಪುಸ್ತಕವನ್ನೇ ಬರೆದು, 1981ರಲ್ಲಿ, ಅಂಥ ಮನುಷ್ಯನೇ ಇರಲಿಲ್ಲ ಅಂದುಬಿಟ್ಟರು. ಫ್ರಾನ್ಸಿನಲ್ಲಿ ಕಾಂಡೋಮ್ ಅಂತ ಊರಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಲ್ಯಾಟಿನ್, ಇಟಾಲಿಯನ್ ಅಂತ ಊಹೆಗಳು ಬೇಕಾದಷ್ಟಿವೆ, ಪುರಾವೆ ಯಾವುದಕ್ಕೂ ಇಲ್ಲ. ನನಗನ್ನಿಸುವುದು, ಮುಜುಗರದ ವಸ್ತುವಿಗೆ ಹೆಸರಿಟ್ಟವರು ತಮ್ಮ ಹೆಸರು ಮುಚ್ಚಿಟ್ಟಿರಬೇಕು. ಕಾಣದ ಡಾಕ್ಟರನ ಮೇಲೆ ಹಾಕಿದರೆ ಎಲ್ಲರಿಗೂ ಅನುಕೂಲ.

ತಮಾಷೆ ನೋಡಿ, 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣದ ಸರ್ಕಾರಿ ಕ್ಲಿನಿಕ್ ತೆರೆಯಲು ಒಪ್ಪಿದ್ದು ನಮ್ಮ ಮೈಸೂರು ಸಂಸ್ಥಾನ. ಹಿಂದೆ ಹಿಂದೂಸ್ತಾನ್ ಲ್ಯಾಟೆಕ್ಸ್ ಎನ್ನುತ್ತಿದ್ದ ಕಂಪನಿಯ ಒಂದು ಕಾರ್ಖಾನೆ ಇರುವುದೂ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ. ಇಷ್ಟಾದರೂ ನಮ್ಮ ಎಂಜಿನಿಯರ್ ಮದುಮಗನಿಗೆ ಅದಿನ್ನೂ "ಅದು"!

ಕಳೆದ ವಾರ ಫೋನಿನಲ್ಲಿ ಆಯಿಗೆ ಅಜ್ಜನ ಯೋಗಪಾಠ ನೆನಪಿಸಿದೆ. ಆಯಿ ನಗು ತಡೆಯಲಾರದೆ ಹೇಳಿದಳು, "ಅಜ್ಜಂಗೆ ಎಲ್ಲಾ ಗೊತ್ತಿತ್ತು ತಮಾ. ಪೇಂಟರಂಗೆ ಆ ಗೋಡೆ ತೋರ್ಸಿದ್ದೇ ಅಜ್ಜ."